ಶೆಟ್ಟೆಪ್ಪ ಹಡಗು ಹೊಡೆದದ್ದು

ಮುಂಬೈಯ ಭಾವುಚಾ ಧಕ್ಕಾ ಎಂಬ ದೋಣಿಕಟ್ಟೆಯಿಂದ ಆಚೆ ದಡದ ಮೋರಾ ಬಂದರಿಗೆ ಜನರನ್ನು ಸಾಗಿಸುವ ಲಾಂಚುಗಳಲ್ಲಿ ‘ಸಾಗರ ಗೌರಿ’ ಎಂಬುದೊಂದು. ಶೆಟ್ಟೆಪ್ಪ ಅದರಲ್ಲಿ ಇಪ್ಪತ್ತಾರು ವರ್ಷದಿಂದ ಡ್ರೈವರ್. ಇದು ಶುದ್ಧ ಸತ್ಯ. ಅವನ ಸರ್ಟಿಫಿಕೇಟಿನಲ್ಲಿ ಹಾಗೇ ಬರೆದಿದೆ. ಮಗಳು ಸ್ನೇಹಲ್‌ಳ ಶಾಲೆಯ ಫಾರ್ಮಿನಲ್ಲಿ ತಂದೆಯ ಉದ್ಯೋಗ ಎಂಬ ಕಡೆಯೂ ಹಾಗೇ ಬರೆದಿತ್ತು. ಮುಂದೆ ನಡೆದ ಅನಾಹುತಕ್ಕೆಲ್ಲ ಈ ಸತ್ಯವೇ ಕಾರಣವಾದ್ದರಿಂದ ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ನೆಲದ ಮೇಲೆ ಡ್ರೈವರ್ ಎಂದರೆ ಗಾಡಿ ಓಡಿಸುವವನು. ಲಾಂಚಿನಲ್ಲಿ ಹಾಗಲ್ಲ. ಮೇಲೆ ಗಾಜಿನ ಕೋಣೆಯಲ್ಲಿ ನಿಂತು ಚುಕ್ಕಾಣಿ ತಿರುಗಿಸುವವನು ಸಾರಂಗ. ದಡದ ಗೂಟಕ್ಕೆ ಹಗ್ಗ ಎಸೆದು ಕಟ್ಟುವವನು ಖಲಾಸಿ. ಡ್ರೈವರ್ ಎನ್ನುವವನು ಕೆಳಗೆ, ಹಲಗೆಯ ಮುಚ್ಚಳ ಎತ್ತಿ ಏಣಿ ಇಳಿದರೆ ಸಿಗುವ ಒಂದು ಗುಂಡಿಯಲ್ಲಿ, ಎಂಜಿನ್ನಿನ ಜೊತೆ ಇರುತ್ತಾನೆ. ಸಾರಂಗ ಮೇಲಿನಿಂದ ಹಗ್ಗ ಜಗ್ಗಿ ಗಂಟೆ ಬಾರಿಸುತ್ತಾನೆ. ಒಂದು ಬಡಿತಕ್ಕೆ ಮುಂದೆ, ಎರಡಕ್ಕೆ ನಿಲ್ಲು, ಮೂರಕ್ಕೆ ಹಿಂದೆ. ಡ್ರೈವರ್ ಅದರಂತೆ ಗೇರು ಹಾಕುತ್ತಾನೆ. ಎದುರಿಗೆ ಏನಿದೆ, ಲಾಂಚು ಯಾವ ಕಡೆ ಮುಖ ಮಾಡಿದೆ ಎಂಬುದು ಅವನಿಗೆ ಕಾಣುವುದೂ ಇಲ್ಲ, ಬೇಕಾಗಿಯೂ ಇಲ್ಲ. ಶೆಟ್ಟೆಪ್ಪ ಸಮುದ್ರ ದಾಟಿದ್ದು ಸಾವಿರಾರು ಸಲ. ದಾಟುವುದನ್ನು ಕಣ್ಣಿಂದ ನೋಡಿದ್ದು ಹತ್ತು ಸಲ ಇದ್ದೀತು.

ಈ ವಿವರ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನಲ್ಲಿದ್ದ ಅವನ ಹೆಂಡತಿಯ ತವರಿಗೆ ತಲುಪಿರಲಿಲ್ಲ. ಇಪ್ಪತ್ತು ವರ್ಷದ ಹಿಂದೆ, ಹೆಂಡತಿ ರುದ್ರವ್ವನ ತಮ್ಮ ಶರಣನ ಮದುವೆಯಲ್ಲಿ, ಬೀಗರೊಬ್ಬರು ಶೆಟ್ಟೆಪ್ಪನನ್ನು ಕೇಳಿದ್ದರು.

‘ನಿಮ್ಮದೇನ್ರಿ ಉದ್ಯೋಗ?’

‘ಲಾಂಚಿನ ಮ್ಯಾಲೆ ಡ್ರೈವರ್ ಅದೀನ್ರಿ.’

‘ಲಾಂಚ ಅಂದ್ರ?’

‘ಸಣ್ಣ ಹಡಗ ಇದ್ದಂಗ್ರಿ.’

ಪಕ್ಕದಲ್ಲಿದ್ದ ಮದುಮಗ ಶರಣನಿಗೆ ಬ್ಯಾಂಡಿನ ಗದ್ದಲದಲ್ಲಿ ‘ಡ್ರೈವರ್’, ‘ಹಡಗ’ ಎಂಬ ಎರಡೇ ಮಾತು ಕೇಳಿಸಿದವು. ‘ನಮ್ಮ ಮಾಮಾ ಮುಂಬೈದಾಗ ಹಡಗ ಹೊಡೀತಾರ’ ಎಂಬ ಸುದ್ದಿ ಊಟದ ಪಂಕ್ತಿ ಏಳುವುದರೊಳಗೆ ಊರೆಲ್ಲ ಹರಡಿತು. ಶೆಟ್ಟೆಪ್ಪ ಆಗಲೇ ತಿದ್ದಬಹುದಿತ್ತು. ಆದರೆ ಅಷ್ಟರಲ್ಲಿ ಅವನನ್ನು ಚಾಪೆಯಿಂದ ಎಬ್ಬಿಸಿ ಗಾದಿ ಹಾಸಿದ ಮಂಚದ ಮೇಲೆ ಕೂರಿಸಿದ್ದರು, ಹೋಳಿಗೆಯ ಮೇಲೆ ಎರಡನೆಯ ಸಲ ತುಪ್ಪ ಬಿದ್ದಿತ್ತು. ತುಪ್ಪ ಬಿದ್ದ ಮೇಲೆ ತಿದ್ದುವುದು ಮರ್ಯಾದೆಯಲ್ಲ ಎಂದು ಅವನಿಗೆ ತೋರಿತು. ಆಮೇಲೆ ಅವನು ಊರಿಗೆ ಹೋದಾಗೆಲ್ಲ ಹಡಗು ಸ್ವಲ್ಪ ಸ್ವಲ್ಪ ಬೆಳೆದಿರುತ್ತಿತ್ತು. ಕಳೆದ ವರ್ಷದ ಹೊತ್ತಿಗೆ ಅದಕ್ಕೆ ಮೂರು ಅಂತಸ್ತು ಬಂದು, ಒಂದು ಲಿಫ್ಟು ಕೂಡ ಆಗಿತ್ತು.

ರುದ್ರವ್ವ ಮಾತ್ರ ಒಮ್ಮೆಯೂ ಮೋಸಹೋದವಳಲ್ಲ. ‘ನೀವೇನ ಹೊಡೀತೀರಿ ಅನ್ನೂದು ನಿಮ್ಮ ಬನಿಯನ್ ತೊಳ್ಯಾಕಿಗೆ ಗೊತ್ತಿರೂದಿಲ್ಲೇನ?’ ಎನ್ನುತ್ತಿದ್ದಳು.

ಈ ಜನವರಿಯಲ್ಲಿ ಶರಣನ ಫೋನು ಬಂತು. ಶರಣ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರ. ಮೈದಾನದ ಆ ತುದಿಗೆ ಕೇಳುವ ಹಾಗೆ ಮಾತಾಡುವುದು ಅವನಿಗೆ ರೂಢಿಯಾಗಿತ್ತು. ಫೋನಿಗೂ ಅವನು ರಿಯಾಯಿತಿ ಕೊಡುತ್ತಿರಲಿಲ್ಲ.

‘ಮಾಮಾ! ಒಂಬತ್ತ ಮಂದಿ ಬರಾಕತ್ತೀವಿ. ಈ ಸಲ ನಿಮ್ಮ ಹಡಗದಾಗ ಕೂಡೂದ ಕೂಡೂದು!’

ಶೆಟ್ಟೆಪ್ಪ ಸಿದ್ಧಿವಿನಾಯಕನ ಹೆಸರು ಹೇಳಿ ನೋಡಿದ. ಗೇಟ್‌ವೇ ಹೇಳಿದ. ರಾಣೀಬಾಗಿನ ಮೃಗಾಲಯದಲ್ಲಿ ಪೆಂಗ್ವಿನ್ ಇರುವ ಸುದ್ದಿ ಹೇಳಿದ. ಪೆಂಗ್ವಿನ್ನನ್ನು ವಾಪಸು ಹೋಗುವಾಗ ನೋಡುವುದೆಂದು ತೀರ್ಮಾನವಾಯಿತು. ಶುಕ್ರವಾರ ಬೆಳಿಗ್ಗೆ ಆಂಟಾಪ್ ಹಿಲ್‌ನ ಅವರ ಒಂದು ಕೋಣೆ, ಒಂದು ಅಡುಗೆಮನೆಯ ಮನೆಗೆ ಒಂಬತ್ತು ಮಂದಿ ಇಳಿದರು. ಶರಣ, ಅವನ ಹೆಂಡತಿ, ಕಾಲೇಜಿಗೆ ಹೋಗುವ ಮಗ ಕಿಶೋರ, ಉಳಿದವರು ಊರಿನ ಹಿರಿಯರು. ಅವರಲ್ಲೊಬ್ಬರು ಪಂಚಾಯತಿಯ ಮಾಜಿ ಸದಸ್ಯರೂ ಇದ್ದರು. ರುದ್ರವ್ವ ಹಿಟ್ಟಿನ ಡಬ್ಬಿಯ ತಳ ಒಮ್ಮೆ ನೋಡಿ, ಗಂಡನ ಮುಖ ಒಮ್ಮೆ ನೋಡಿ, ರೊಟ್ಟಿ ಬಡಿಯಲು ಕೂತಳು.

ಶನಿವಾರ ಶೆಟ್ಟೆಪ್ಪ ಎಂದಿನಂತೆ ಮುಂಚೆ ಹೋಗಿ ತನ್ನ ಗುಂಡಿ ಸೇರಿಕೊಂಡ. ಅವನ ಲೆಕ್ಕಾಚಾರ ಸರಳವಾಗಿತ್ತು. ಬರುತ್ತಾರೆ, ಮೇಲೆ ಗಾಳಿಗೆ ಕೂರುತ್ತಾರೆ, ಒಂದು ತಾಸಿನಲ್ಲಿ ಮೋರಾ ಬರುತ್ತದೆ. ಕೆಲಸದ ಮೇಲಿರುವ ಮನುಷ್ಯನನ್ನು ಯಾರು ಮಾತಾಡಿಸುತ್ತಾರೆ?

ಶರಣ ಮಾತಾಡಿಸುತ್ತಾನೆ. ಧಕ್ಕೆಯ ಮೆಟ್ಟಿಲ ಮೇಲೆ ನಿಂತು ಅವನು ‘ಸಾಗರ ಗೌರಿ’ಯನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದ. ನೋಡಲಿಕ್ಕೆ ಬಹಳ ಹೊತ್ತು ಹಿಡಿಯಲಿಲ್ಲ.

‘ಇದೇನ್ರಿ,’ ಎಂದು ಹಗ್ಗ ಹಿಡಿದು ನಿಂತಿದ್ದ ಖಲಾಸಿ ದೂಜನನ್ನು ಕೇಳಿದ, ‘ದೊಡ್ಡ ಹಡಗಿನ ತನಕ ಕರಕೊಂಡ ಹೋಗೂ ಹಡಗೇನು?’

ದೂಜನಿಗೆ ಅರವತ್ತು ದಾಟಿತ್ತು, ಒಂದು ಮಂಡಿ ನೋವಿತ್ತು. ಪ್ರಶ್ನೆಗೆ ಎಷ್ಟು ಬೇಕೋ ಅಷ್ಟೇ ಉತ್ತರ ಕೊಡುತ್ತಿದ್ದ. ‘ಇದೇ,’ ಎಂದ.

ಲಾಂಚು ಹೊರಟಿತು. ಶರಣ ಸಹಯಾತ್ರಿಗಳನ್ನು ಬೆಂಚಿನ ಮೇಲೆ ಸಾಲಾಗಿ ಕೂರಿಸಿ, ಮಾಮಾನನ್ನು ತೋರಿಸಲು ಗಾಜಿನ ಕೋಣೆಯ ಕಡೆ ಕೈ ಮಾಡಿದ. ಅಲ್ಲಿ ಬೇರೊಬ್ಬ ನಿಂತಿದ್ದ. ಅವನು ಸಾರಂಗ ಮೋನಪ್ಪ, ಮಲ್ಪೆಯ ಕಡೆಯವನು. ಅಪ್ಪ, ಅಜ್ಜ ಎಲ್ಲರೂ ಕಡಲಿಗೆ ಹೋದವರು. ನಿವೃತ್ತಿಗೆ ಇನ್ನು ಎರಡು ವರ್ಷ ಉಳಿದಿತ್ತು. ಶರಣ ನೇರ ಹೋಗಿ ಬಾಗಿಲಲ್ಲಿ ನಿಂತ.

‘ನಮ್ಮ ಮಾಮಾನ ಜಾಗಾದಾಗ ನೀವ್ಯಾಕ ನಿಂತೀರಿ?’

‘ಯಾವ ಮಾಮ ಮಾರಾಯ್ರೆ?’

‘ಡ್ರೈವರ್ ಶೆಟ್ಟೆಪ್ಪ!’

‘ಅವ ಕೆಳಗೆ ಇದ್ದಾನಲ್ಲ.’

‘ಅವರನ್ನ ಕೆಳಗ್ಯಾಕ ಹಾಕೀರಿ?’

‘ಹಾಕ್ಲಿಕ್ಕೆ ಎಂತದು? ಅವ ಇಪ್ಪತ್ತಾರು ವರ್ಷದಿಂದ ಅಲ್ಲೇ ಇರೋದು. ಸ್ವಲ್ಪ ಸರೀರಿ, ಎದುರು ಬೋಟ್ ಬರ್ತಾ ಉಂಟು.’

ಶರಣ ಬೆಂಚಿಗೆ ಮರಳಿದಾಗ ಅವನ ಮುಖ ಕೆಂಪಾಗಿತ್ತು. ನಡೆದದ್ದು ಅವನಿಗೆ ಸ್ಪಷ್ಟವಾಗಿತ್ತು. ಕಡಲ ಕಡೆಯವರು ಒಂದಾಗಿ ಬಯಲುಸೀಮೆಯ ಮನುಷ್ಯನನ್ನು ಅವನ ಕುರ್ಚಿಯಿಂದ ಇಳಿಸಿ ಗುಂಡಿಗೆ ತಳ್ಳಿದ್ದಾರೆ! ಇಪ್ಪತ್ತಾರು ವರ್ಷ ಮಾಮಾ ಒಂದು ಮಾತು ಬಾಯಿಬಿಟ್ಟಿಲ್ಲ! ಮಾಜಿ ಸದಸ್ಯರು ಇದನ್ನು ಇಷ್ಟಕ್ಕೇ ಬಿಡಬಾರದು ಎಂದರು.

ಮೋರಾ ಹತ್ತಿರ ಇಳಿತದ ಹೊತ್ತಾಗಿ ಜೆಟ್ಟಿಯಲ್ಲಿ ನೀರು ಸಾಲದೆ ಮೋನಪ್ಪ ಲಂಗರು ಹಾಕಿಸಿದ. ಅರ್ಧ ತಾಸು ಕಾಯಬೇಕಿತ್ತು. ಶರಣನಿಗೆ ಅಷ್ಟು ಸಾಕಾಯಿತು. ಮುಚ್ಚಳದ ಬಳಿ ಬಗ್ಗಿ, ‘ಮಾಮಾ! ಮ್ಯಾಲೆ ಬರ್ರಿ! ನಾವು ಬಂದೀವಿ, ಅಂಜಬ್ಯಾಡ್ರಿ!’ ಎಂದು ಕೂಗಿದ. ಎಂಜಿನ್ನು ನಿಂತಿದ್ದರಿಂದ ಕೇಳಿಸಲಿಲ್ಲ ಎನ್ನುವ ಹಾಗಿರಲಿಲ್ಲ. ಎಣ್ಣೆ ಮೆತ್ತಿದ ಬನಿಯನ್ನಿನಲ್ಲಿ ಶೆಟ್ಟೆಪ್ಪನ ತಲೆ ಮೇಲೆ ಬಂತು. ಅವನು ಶರಣನನ್ನು ನೋಡಿದ, ಸಾಲಾಗಿ ಕೂತವರನ್ನು ನೋಡಿದ, ಕೊನೆಗೆ ಮೋನಪ್ಪನನ್ನು ನೋಡಿದ.

ಮೋನಪ್ಪನಿಗೆ ಅರ್ಧ ನಿಮಿಷದಲ್ಲಿ ಎಲ್ಲ ತಿಳಿಯಿತು. ಅವನ ನಾಲಿಗೆ ಒರಟು, ಆದರೆ ಜೊತೆಯವನ ಮಾನ ಹೋಗುವುದನ್ನು ನೋಡುತ್ತ ನಿಲ್ಲುವ ಜಾತಿಯವನಲ್ಲ. ತನ್ನ ಬಿಳಿ ಅಂಗಿ ಬಿಚ್ಚಿ ಶೆಟ್ಟೆಪ್ಪನ ಹೆಗಲಿಗೆ ಹಾಕಿ, ಕಿವಿಯ ಹತ್ತಿರ ಹೇಳಿದ: ‘ಐದು ನಿಮಿಷ. ಲಂಗರು ಉಂಟು, ಎಲ್ಲಿಗೂ ಹೋಗುದಿಲ್ಲ. ಸುಮ್ಮನೆ ಹಿಡ್ಕೊ. ಎಂತ ಮುಟ್ಟಬೇಡ.’ ಆಮೇಲೆ ಹಿಂದಿನ ಬೆಂಚಿನಲ್ಲಿ ಕೂತು ತನ್ನ ಡಬ್ಬಿ ಬಿಚ್ಚಿದ.

ಶೆಟ್ಟೆಪ್ಪ ಚುಕ್ಕಾಣಿ ಹಿಡಿದ. ಕಿಶೋರ ಮೊಬೈಲು ಹಿಡಿದ. ಶರಣ ಪ್ರಶ್ನೆ ಹಿಡಿದ.

‘ಮಾಮಾ, ಎಷ್ಟ ವರ್ಷಾತು?’

‘ಇಪ್ಪತ್ತಾರು.’

‘ದಿನಾ ನೀವ ಹೊಡೀತೀರಿ?’

‘ನಾ ಇಲ್ಲಂದ್ರ ಲಾಂಚ ಒಂದು ಗೇಣು ಸರಿಯಂಗಿಲ್ಲ ಬಿಡು.’

‘ಇವರು?’ ಕ್ಯಾಮರಾ ಹಿಂದಿನ ಬೆಂಚಿಗೆ ತಿರುಗಿತು. ಮೋನಪ್ಪ ಕಣ್ಣು ಮುಚ್ಚಿ ಮೀನಿನ ಮುಳ್ಳು ಚೀಪುತ್ತಿದ್ದ.

‘ಅವರು ಮ್ಯಾಲಿರ್ತಾರ.’

ಗಮನಿಸಬೇಕು, ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಅದೇ ಹೊತ್ತಿಗೆ ಪಕ್ಕದಲ್ಲೊಂದು ದೋಣಿ ವೇಗವಾಗಿ ಹಾದು ಹೋದದ್ದರಿಂದ ವಿಡಿಯೋದಲ್ಲಿ ‘ಸಾಗರ ಗೌರಿ’ಯೇ ಓಡುತ್ತಿದ್ದ ಹಾಗೆ ಕಂಡಿತು. ಕಿಶೋರ ಅದಕ್ಕೆ ದೊಡ್ಡ ಜಹಾಜಿನ ಭೋಂಗಾದ ಸದ್ದು ಸೇರಿಸಿ, ‘ಇಂಡಿಯ ಹುಲಿ, ಸಮುದ್ರದ ಮ್ಯಾಲೆ’ ಎಂದು ಬರೆದು ವಾಟ್ಸಾಪಿಗೆ ಬಿಟ್ಟ. ಸಂಜೆಯೊಳಗೆ ಅದು ಇಂಡಿ, ವಿಜಯಪುರ, ಸೋಲಾಪುರ ಸುತ್ತಿ, ಆಂಟಾಪ್ ಹಿಲ್‌ಗೇ ಮರಳಿ ಬಂದು, ಎರಡನೆಯ ಮಾಳಿಗೆಯ ಧರ್ಮಣ್ಣನ ಮೊಬೈಲು ಸೇರಿತು.

ಧರ್ಮಣ್ಣ ಗ್ರಾಂಟ್ ರೋಡಿನಲ್ಲಿ ಉಡುಪಿ ಹೋಟೆಲು ಇಟ್ಟವನು, ಕಾಲೊನಿಯ ಕನ್ನಡ ಸಂಘದ ಕಾರ್ಯದರ್ಶಿ. ಮರುದಿನ ಭಾನುವಾರ ಸಂಘದ ಕಾರ್ಯಕ್ರಮವಿತ್ತು. ಸನ್ಮಾನಕ್ಕೆ ಗೊತ್ತು ಮಾಡಿದ್ದ ಡಾಕ್ಟರು ಶನಿವಾರ ಬೆಳಿಗ್ಗೆಯೇ ಬರಲಾಗುವುದಿಲ್ಲ ಎಂದಿದ್ದರು. ಶಾಲು, ಹಣ್ಣಿನ ಬುಟ್ಟಿ ತಯಾರಿದ್ದವು. ಮನುಷ್ಯನೊಬ್ಬ ಬೇಕಾಗಿದ್ದ.

‘ಬಯಲಿನಲ್ಲಿ ಹುಟ್ಟಿ, ಕಡಲನ್ನೇ ಪಳಗಿಸಿದ ಧೀರ!’ ಎಂದು ಧರ್ಮಣ್ಣ ಮೈಕಿನ ಮುಂದೆ ಹೇಳಿದ. ‘ನಮ್ಮ ಮೇಲಿನ ಮಾಳಿಗೆಯಲ್ಲೇ ಇದ್ದರೂ ಇಷ್ಟು ವರ್ಷ ನಮಗೆ ತಿಳಿಯಲಿಲ್ಲ. ತಿಳಿಸದೇ ಇದ್ದದ್ದು ಅವರ ದೊಡ್ಡತನ.’

ಶೆಟ್ಟೆಪ್ಪ ಶಾಲು ಹೊದ್ದು ನಿಂತಿದ್ದ. ಎರಡು ಸಲ ಬಾಯಿ ತೆರೆದ, ಎರಡು ಸಲವೂ ಚಪ್ಪಾಳೆ ಬಿತ್ತು. ಮೊದಲ ಸಾಲಿನಲ್ಲಿ ರುದ್ರವ್ವ ಶಾಲಿನ ಬಟ್ಟೆಯನ್ನಷ್ಟೇ ನೋಡುತ್ತ ಕೂತಿದ್ದಳು.

ಸೋಮವಾರ ಬಂದರಿನ ಆಫೀಸಿನಿಂದ ನೋಟೀಸು ಬಂತು. ಪ್ರಯಾಣಿಕರು ತುಂಬಿದ ಲಾಂಚನ್ನು ಸರ್ಟಿಫಿಕೇಟಿಲ್ಲದ ವ್ಯಕ್ತಿ ನಡೆಸುತ್ತಿರುವುದೂ, ಸಾರಂಗನು ಹಿಂದೆ ಕೂತು ಊಟ ಮಾಡುತ್ತಿರುವುದೂ ವಿಡಿಯೋದಲ್ಲಿ ಕಂಡುಬಂದಿದೆ. ಗುರುವಾರ ಹನ್ನೊಂದಕ್ಕೆ ವಿಚಾರಣೆ. ಅಲ್ಲಿಯವರೆಗೆ ‘ಸಾಗರ ಗೌರಿ’ ಧಕ್ಕೆ ಬಿಡಬಾರದು. ಆರೋಪ ನಿಜವಾದರೆ ಮೋನಪ್ಪನ ಸರ್ಟಿಫಿಕೇಟು ರದ್ದು.

ಮೋನಪ್ಪ ಕಟ್ಟಿ ನಿಲ್ಲಿಸಿದ ಲಾಂಚಿನ ಅಂಚಿನಲ್ಲಿ ಕೂತು ನೋಟೀಸನ್ನು ಮೂರು ಸಲ ಓದಿದ. ಬೈಯಲಿಲ್ಲ. ಬೈದಿದ್ದರೆ ಶೆಟ್ಟೆಪ್ಪನಿಗೆ ಒಳ್ಳೆಯದಿತ್ತು.

‘ನಲವತ್ತು ವರ್ಷ ಮಾರಾಯ,’ ಎಂದ. ‘ಒಂದು ಗೀರು ಬಿದ್ದದ್ದಿಲ್ಲ. ಈಗ ಒಂದು ತುಂಡು ಬಂಗುಡೆ ಮೀನಿಗೆ ನನ್ನ ಸರ್ಟಿಫಿಕೇಟ್ ಹೋಗ್ತದೆ.’

‘ನಾ ಬಂದು ಹೇಳ್ತೀನ್ರಿ ಸಾರಂಗ್ರ. ನನಗ ಹೊಡ್ಯಾಕ ಬರಂಗಿಲ್ಲಂತ.’

‘ನಿನ್ನ ಆ ಒಂಬತ್ತು ಜನದ ಎದುರು ಹೇಳ್ತೀಯಾ?’

ಶೆಟ್ಟೆಪ್ಪ ಬೆರಳು ಮಡಿಸಿ ದಿನ ಎಣಿಸಿದ. ಮಂಗಳವಾರ ಸಂಜೆ ಅವರ ರೈಲು, ಗುರುವಾರದ ಹೊತ್ತಿಗೆ ಅವರು ಇರುವುದಿಲ್ಲ ಎಂಬ ಒಂದು ಸಮಾಧಾನ ಅವನಿಗಿತ್ತು. ‘ಹೇಳ್ತೀನ್ರಿ’ ಎಂದ.

ಮನೆಗೆ ಬರುವಷ್ಟರಲ್ಲಿ ಆ ಸಮಾಧಾನವೂ ಉಳಿಯಲಿಲ್ಲ. ನೋಟೀಸಿನ ಇನ್ನೊಂದು ಪ್ರತಿ ಮನೆಗೇ ಬಂದಿತ್ತು. ಶರಣ ಅದನ್ನು ಗಟ್ಟಿಯಾಗಿ ಓದಿ, ತನಗೆ ಬೇಕಾದ ಅರ್ಥ ಮಾಡಿ ಮುಗಿಸಿದ್ದ.

‘ನಮ್ಮ ಮಾಮಾಗ ಹಡಗ ಹೊಡ್ಯಾಕ ಬರತೈತೋ ಇಲ್ಲೋ ಅಂತ ಕೇಳಾಕತ್ತಾರ! ಆ ಮೋನಪ್ಪನ ಕೆಲಸ ಇದು. ಶಾಲು ಹೊದಿಸಿದ್ದ ಕಂಡು ಹೊಟ್ಟಿ ಉರದೈತಿ. ರೈಲ್ ಟಿಕೇಟ ಮುಂದ ಹಾಕ್ರಿ, ನಾವು ಗುರುವಾರ ಸಾಕ್ಷಿ ಹೇಳೇ ಹೋಗೂದು!’

ಪರೇಲಿನ ಆಫೀಸಿನಿಂದ ಆಗಷ್ಟೇ ಬಂದಿದ್ದ ಸ್ನೇಹಲ್ ಚಪ್ಪಲಿಯನ್ನೂ ಬಿಡದೆ ನಿಂತಳು. ಅವಳು ಹುಟ್ಟಿ ಬೆಳೆದದ್ದೆಲ್ಲ ಮುಂಬೈ. ಕನ್ನಡ ತಿಳಿಯುತ್ತಿತ್ತು, ಆಡುವಾಗ ತಡವರಿಸುತ್ತಿತ್ತು.

‘ಮಾಮಾ, ಸುನೋ ನಾ. ಪಪ್ಪಾ ಲಾಂಚ್ ಚಲಾಯಿಸಲ್ಲ. ಪಪ್ಪಾ ಎಂಜಿನ್... ಎಂಜಿನ್ ಜೊತೆ ಇರೋದು. ಚಲಾಯಿಸೋದು ಆ ಅಂಕಲ್.’

ಶರಣ ಅವಳ ತಲೆಯ ಮೇಲೆ ಕೈಯಿಟ್ಟು ಹಿರಿಯರ ಕಡೆ ತಿರುಗಿದ. ‘ಪಾಪ, ಕೂಸಿಗೆ ಕನ್ನಡ ಸರಿ ಬರಂಗಿಲ್ಲ. ಹೇಳೂದೊಂದು, ಆಗೂದೊಂದು.’

ಇಡೀ ಮನೆಯಲ್ಲಿ ನಿಜ ಹೇಳಿದವಳು ಅವಳೊಬ್ಬಳೇ. ವ್ಯಾಕರಣದ ದೆಸೆಯಿಂದ ಅದು ತಳ್ಳಿಹೋಯಿತು. ಸ್ನೇಹಲ್ ‘ಹೇ ಭಗವಾನ್’ ಎಂದು ಅಡುಗೆಮನೆಗೆ ಹೋಗಿ ತಾಯಿಗೆ ಹೇಳಿದಳು. ರುದ್ರವ್ವ ಹಿಟ್ಟು ನಾದುತ್ತ, ‘ಅಂದ್ರ ಇನ್ನೂ ಎರಡ ದಿನ ರೊಟ್ಟಿ’ ಎಂದಳು.

ಶೆಟ್ಟೆಪ್ಪ ಆ ಎರಡು ದಿನದಲ್ಲಿ ಮೂರು ಸಲ ನಿಜ ಹೇಳಲು ಹೊರಟ. ಮೊದಲನೆಯ ಸಲ ಹಿರಿಯರು ‘ನೀವು ಮಾತಾಡಬ್ಯಾಡ್ರಿ, ಮನಸಿಗೆ ಹಚ್ಚಿಕೊಂಡೀರಿ’ ಎಂದು ಮಲಗಿಸಿದರು. ಎರಡನೆಯ ಸಲ ಶರಣ ‘ಇಷ್ಟ ಒಳ್ಳೇತನ ಇರಬಾರದು ಮಾಮಾ’ ಎಂದು ಕಣ್ಣೊರೆಸಿಕೊಂಡ. ಮೂರನೆಯ ಸಲ ಯಾರೂ ಇಲ್ಲದಾಗ ಹೇಳಿ ಅಭ್ಯಾಸ ಮಾಡಿದ. ಸರಿಯಾಗಿ ಬಂತು.

ಗುರುವಾರ ಬಂದರಿನ ಆಫೀಸಿನ ಬೆಂಚಿನ ಮೇಲೆ ಮೋನಪ್ಪ, ದೂಜ ಒಂದು ತುದಿಗೆ ಕೂತಿದ್ದರು. ಇನ್ನೊಂದು ತುದಿಯಲ್ಲಿ ಶೆಟ್ಟೆಪ್ಪನ ಪರವಾಗಿ ಒಂಬತ್ತು ಮಂದಿ. ರುದ್ರವ್ವ ದೊಡ್ಡದೊಂದು ಚೀಲ ಹಿಡಿದುಕೊಂಡು ಬಂದು ಬಾಗಿಲ ಹತ್ತಿರ ಕೂತಿದ್ದಳು. ಸಾಹೇಬರು ಶಿಂತ್ರೆ ಎಂಬುವರು, ಕನ್ನಡಕದವರು, ಗಂಭೀರ ಮನುಷ್ಯ. ಶೆಟ್ಟೆಪ್ಪ ಒಳಗೆ ಹೋಗಿ ಕೈಮುಗಿದು ನಿಂತಾಗ ಶರಣ ಬಾಗಿಲಿಂದಲೇ ಪಿಸುಮಾತಾಡಿದ. ಅವನ ಪಿಸುಮಾತು ಮೂರು ಕೋಣೆಗೆ ಕೇಳಿಸಿತು.

‘ಮಾಮಾ, ಧೈರ್ಯದಿಂದ ಹೇಳ್ರಿ. ಈ ಸಾಹೇಬಗ ಏನ ತಿಳೀತೈತಿ, ಕುರ್ಚಿ ಮ್ಯಾಲೆ ಕುಂತಾಂವ!’

ಸಾಹೇಬರು ಕನ್ನಡಕ ಸರಿಮಾಡಿಕೊಂಡರು. ‘ನಾ ನಿಪ್ಪಾಣಿ ಮಂದಿ ಅದೀನ್ರಿ,’ ಎಂದರು. ‘ಥೋಡೆ ಥೋಡೆ ತಿಳೀತೈತಿ. ನೀವು ಹೊರಗ ನಿಂದರ್ರಿ.’

ಶರಣ ಒಂದು ಹೆಜ್ಜೆ ಹಿಂದೆ ಸರಿದ.

‘ಶೆಟ್ಟೆಪ್ಪ, ನಿಮಗ ಲಾಂಚ ನಡಸಾಕ ಬರತೈತೇನು?’

ಶೆಟ್ಟೆಪ್ಪ ಒಮ್ಮೆ ಹಿಂದೆ ನೋಡಿದ. ಒಂಬತ್ತು ಮುಖಗಳು ಬಾಗಿಲಲ್ಲಿ ಒತ್ತೊತ್ತಾಗಿದ್ದವು. ಅವುಗಳ ಆಚೆ ಮೋನಪ್ಪ ತಲೆತಗ್ಗಿಸಿ ಕೂತಿದ್ದು ಕಂಡಿತು. ಶೆಟ್ಟೆಪ್ಪ ಮುಂದೆ ತಿರುಗಿ, ಅಭ್ಯಾಸ ಮಾಡಿದ್ದನ್ನು ಹೇಳಿದ.

‘ಬರಂಗಿಲ್ರಿ. ಒಂದು ದಿನಾನೂ ನಡಸಿಲ್ರಿ. ನಾ ಎಂಜಿನ್ ಡ್ರೈವರ್ರಿ. ಅವತ್ತು ಲಂಗರ ಹಾಕಿತ್ತು, ಬರೇ ಫೋಟೋಕ್ಕ ನಿಂತಿದ್ನಿ.’

ಇಪ್ಪತ್ತು ವರ್ಷ ಹೊತ್ತದ್ದು ಇಳಿದು ಅವನಿಗೆ ಹಗುರಾಯಿತು. ಸರಿಯಾಗಿ ಮೂರು ಸೆಕೆಂಡು.

‘ಅಂಜಿಸಿ ಹೇಳಿಸ್ಯಾರ್ರಿ ಸಾಹೇಬ್ರ!’ ಎಂದು ಶರಣ ಒಳಗೆ ನುಗ್ಗಿದ. ಅವನ ಹಿಂದೆ ಎಂಟು ಮಂದಿ. ಮಾಜಿ ಸದಸ್ಯರು ಎದೆ ತಟ್ಟಿ, ‘ನಾ ಕಣ್ಣಾರೆ ನೋಡೀನ್ರಿ, ಒಂದ ಕೈಲೆ ಹೊಡೀತಿದ್ರು. ಇನ್ನೊಂದ ಕೈಲೆ ಮೂಗ ತುರಿಸಿಕೊಂತಿದ್ರು. ಅಷ್ಟ ಸರಾಗ!’ ಎಂದರು. ಶರಣನ ಹೆಂಡತಿ, ಅಷ್ಟು ನುಣುಪಾಗಿ ನಮ್ಮೂರ ಬಸ್ಸೂ ಹೋಗುವುದಿಲ್ಲ ಎಂದಳು. ಲಂಗರು ಹಾಕಿದ್ದ ಲಾಂಚು ನುಣುಪಾಗಿ ಹೋದದ್ದು ಸಹಜವೇ ಆಗಿತ್ತು, ಆದರೆ ಅದನ್ನು ಹೇಳಲು ಯಾರಿಗೂ ಎಡೆ ಸಿಗಲಿಲ್ಲ.

ಸಾಹೇಬರು ಮೇಜಿನ ಡ್ರಾವರಿನಿಂದ ಒಂದು ಫೋಟೋ ತೆಗೆದಿಟ್ಟರು. ಅದರಲ್ಲಿ ಶಾಲು, ಹಣ್ಣಿನ ಬುಟ್ಟಿ, ನಡುವೆ ಶೆಟ್ಟೆಪ್ಪ. ಧರ್ಮಣ್ಣ ಅದನ್ನು ಹೆಮ್ಮೆಯಿಂದ ಎಲ್ಲ ಗುಂಪುಗಳಿಗೂ ಕಳಿಸಿದ್ದ.

‘ಕಡಲ ಪಳಗಿಸೀನಂತ ಶಾಲು ಹೊದ್ದೀರಿ. ಇಲ್ಲಿ ಬಂದು ಬರಂಗಿಲ್ಲ ಅಂತೀರಿ. ಯಾವುದು ಖರೆ?’

ಆಗ ಬಾಗಿಲ ಬಳಿಯಿಂದ ರುದ್ರವ್ವ ಎದ್ದಳು.

‘ನಾ ಹೇಳ್ಲೇನ್ರಿ ಸಾಹೇಬ್ರ? ಇವರಿಗೆ ನಾವ ಇಳಿಯೂ ವಡಾಳಾ ಸ್ಟೇಷನ್ ಎತ್ತಾಗ ಬರತೈತಿ ಅನ್ನೂದ ಗೊತ್ತಾಗಂಗಿಲ್ರಿ. ವಾರದಾಗ ಎರಡ ಸಲ ಕುರ್ಲಾದ ತನಕ ಹೋಗಿ ಹೊಳ್ಳಿ ಬರ್ತಾರ. ಇಂಥವರ ಕೈಯಾಗ ಯಾರ ಕೊಡ್ತಾರ್ರಿ ಹಡಗ?’

ಸಾಹೇಬರ ತುಟಿ ಸ್ವಲ್ಪ ಅಲುಗಿತು. ಹೆಂಡತಿಯ ಸಾಕ್ಷಿಯನ್ನು ಕಾಗದದ ಮೇಲೆ ಹೇಗೆ ತೋರಿಸಬೇಕೆಂದು ಯೋಚಿಸಿ, ಕೊನೆಗೆ ಪೆನ್ನು ಕೆಳಗಿಟ್ಟರು. ‘ಮಾತು ಸಾಕು. ಲಾಂಚಿಗೆ ನಡೀರಿ. ಹಿಡಿಸಿ ನೋಡೇಬಿಡೋಣ. ಕೈ ಪಳಗಿದ್ದು ಮುಚ್ಚಿಡಾಕ ಆಗಂಗಿಲ್ಲ.’

ಹೀಗೆ ಮಧ್ಯಾಹ್ನ ಹನ್ನೆರಡೂವರೆಗೆ ಶೆಟ್ಟೆಪ್ಪ ಎರಡನೆಯ ಸಲ ಚುಕ್ಕಾಣಿ ಹಿಡಿದ. ಅಪಾಯವಾಗದಿರಲೆಂದು ಪಕ್ಕದಲ್ಲಿ ಆಫೀಸಿನ ಸಾರಂಗನೊಬ್ಬ ನಿಂತ. ಬೆಂಚಿನ ಮೇಲೆ ಒಂಬತ್ತು ಮಂದಿ, ತುದಿಗೆ ಚೀಲ ಹಿಡಿದ ರುದ್ರವ್ವ ಕೂತರು. ಮೋನಪ್ಪನ ಚಿಂತೆ ಬೇರೆಯೇ ಇತ್ತು. ಈ ಮನುಷ್ಯ ತಪ್ಪಿ ಎಲ್ಲಾದರೂ ಚೆನ್ನಾಗಿ ನಡೆಸಿಬಿಟ್ಟರೆ?

‘ಎಂಜಿನ್ ಚಾಲೂ ಮಾಡ್ರಿ’ ಎಂದರು ಸಾಹೇಬರು.

ಯಾರೂ ಅಲ್ಲಾಡಲಿಲ್ಲ. ಚಾಲೂ ಮಾಡುವವನು ಮೇಲೆ ನಿಂತಿದ್ದ.

ಮೋನಪ್ಪ, ದೂಜ ಇಬ್ಬರೂ ಕೆಳಗಿಳಿದರು. ಒಮ್ಮೆ ಕೆಮ್ಮಿದ ಸದ್ದು ಬಂತು. ಎಂಜಿನ್ನಿನದಲ್ಲ, ದೂಜನದು. ಆಮೇಲೆ ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು. ಆಮೇಲೆ ಮೋನಪ್ಪನ ತುಳು ಬೈಗುಳ. ಶೆಟ್ಟೆಪ್ಪ ಚುಕ್ಕಾಣಿ ಹಿಡಿದುಕೊಂಡೇ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದ.

‘ಡೀಸಲ್ ಪಂಪ್ ಒತ್ತಿಲ್ರಿ ಅವರು... ಎಂಟ ಸಲ ಒತ್ತಬೇಕು... ಅಯ್ಯೋ, ಆ ನಳ ಅಲ್ಲ...’ ಎಂದು ತನ್ನಷ್ಟಕ್ಕೇ ಹೇಳಿಕೊಳ್ಳುತ್ತಿದ್ದವನು, ‘ಸಾಹೇಬ್ರ, ಒಂದ ನಿಮಿಷ’ ಎಂದು ಉತ್ತರಕ್ಕೂ ಕಾಯದೆ ಇಳಿದುಹೋದ. ಹತ್ತು ಎಣಿಸುವುದರೊಳಗೆ ‘ಸಾಗರ ಗೌರಿ’ಯ ಮೈಯೆಲ್ಲ ನಡುಗಿ ಎಂಜಿನ್ನು ಹಿಡಿಯಿತು. ಅವನು ಕಪ್ಪು ಕೈಯಲ್ಲಿ ಮೇಲೆ ಬಂದು ಮತ್ತೆ ಚುಕ್ಕಾಣಿ ಹಿಡಿದ. ಕೆಳಗೆ ಗೇರಿನ ಬಳಿ ಮೋನಪ್ಪ ಉಳಿದ. ದೂಜ ಹಗ್ಗ ಬಿಚ್ಚಿದ. ಲಾಂಚು ಧಕ್ಕೆ ಬಿಟ್ಟಿತು.

‘ಆ ನೀರಾಗ ತೇಲೂ ಕೆಂಪು ಪೀಪಾಯಿ ಕಡೆ ತಗೋಳ್ರಿ.’

ಶೆಟ್ಟೆಪ್ಪ ತಗೊಳ್ಳಲಿಲ್ಲ. ಅವನು ಎದುರಿಗೆ ನೋಡುತ್ತಲೇ ಇರಲಿಲ್ಲ. ತಲೆ ಒಂದು ಕಡೆ ವಾಲಿಸಿ, ಕಾಲಡಿಯ ಹಲಗೆಯನ್ನು ನೋಡುತ್ತ ಕೇಳಿಸಿಕೊಳ್ಳುತ್ತಿದ್ದ.

‘ಬೆಲ್ಟ್ ಜಾರಾಕತ್ತೈತಿ’ ಎಂದ. ಬೇರೆ ಯಾರಿಗೂ ಏನೂ ಕೇಳಿಸಿರಲಿಲ್ಲ. ಚುಕ್ಕಾಣಿ ಬಿಟ್ಟು ಇಳಿದೇಬಿಟ್ಟ. ಆಫೀಸಿನ ಸಾರಂಗ ಗಾಬರಿಯಿಂದ ಹಾರಿ ಹಿಡಿದುಕೊಂಡ. ಎರಡು ನಿಮಿಷದ ಮೇಲೆ ಶೆಟ್ಟೆಪ್ಪ ಬಂದ. ಹಿಡಿದ. ಎಡಕ್ಕೆ ಅಂದರು, ಬಲಕ್ಕೆ ತಿರುಗಿಸಿದ. ಒಂದು ಮೀನುದೋಣಿಯವರು ಎದ್ದು ನಿಂತು ಮರಾಠಿಯಲ್ಲಿ ಅವನ ಹಿರಿಯರನ್ನೆಲ್ಲ ನೆನೆದರು. ಅವನಿಗೆ ಅದೂ ಕೇಳಿಸಲಿಲ್ಲ. ‘ಪಂಪ ನೀರ ಎತ್ತವಲ್ದು’ ಎಂದು ಮತ್ತೆ ಕೆಳಗೆ.

ಮೂರನೆಯ ಸಲ ಹೋದಾಗ ಶಿಂತ್ರೆ ಸಾಹೇಬರು ಗಡಿಯಾರ ನೋಡಿದರು. ಶೆಟ್ಟೆಪ್ಪ ಚುಕ್ಕಾಣಿಯ ಬಳಿ ಅತಿ ಹೆಚ್ಚು ನಿಂತದ್ದು ಒಂದು ನಿಮಿಷ ನಲವತ್ತು ಸೆಕೆಂಡು. ಅವರು ಅದನ್ನು ಬರೆದುಕೊಂಡರು. ಕೆಳಗೆ ಇನ್ನೂ ಒಂದು ಸಾಲು ಬರೆದರು: ಈ ವ್ಯಕ್ತಿಗೆ ಲಾಂಚು ನಡೆಸಲು ಬರುವುದಿಲ್ಲ. ಬಂದಿದ್ದರೂ ಈ ಎಂಜಿನ್ನನ್ನು ಬಿಟ್ಟು ಮೇಲೆ ಬರಲು ಅವನಿಗೆ ಪುರಸೊತ್ತಿಲ್ಲ.

ಸಾಹೇಬರು ತರಿಸಿಕೊಂಡಿದ್ದ ಸರ್ಟಿಫಿಕೇಟು ಮೋನಪ್ಪನ ಕೈಗೆ ಮರಳಿತು. ಇನ್ನು ಮೇಲೆ ಫೋಟೋಕ್ಕೂ ಯಾರನ್ನೂ ನಿಲ್ಲಿಸಬಾರದೆಂಬ ಎಚ್ಚರಿಕೆ ಬಂತು. ಬೆಲ್ಟು, ಪಂಪು ಎಂಟು ದಿನದಲ್ಲಿ ಹೊಸದಾಗಬೇಕೆಂದು ಮಾಲೀಕನಿಗೆ ಒಂದು ಚೀಟಿ ಹೋಯಿತು. ಮೋನಪ್ಪ ಚುಕ್ಕಾಣಿ ಹಿಡಿದು ಲಾಂಚನ್ನು ವಾಪಸು ತಿರುಗಿಸಿದ.

ಬೆಂಚಿನಲ್ಲಿ ಮಾಜಿ ಸದಸ್ಯರು ದೂರದ ನೀರು ನೋಡುತ್ತಿದ್ದರು. ಶರಣ ಅಕ್ಕನ ಬಳಿ ಬಂದು ಕೂತ. ಅವನ ಧ್ವನಿ ಮೊದಲ ಸಲ ಇಳಿದಿತ್ತು.

‘ಇಷ್ಟ ವರ್ಷ ನಮಗ ಸುಳ್ಳ ಹೇಳಿದ್ರೇನಕ್ಕ?’

‘ಡ್ರೈವರ್ ಅದೀನಿ ಅಂದ್ರು ಅವರು. ಹಡಗ ಹೊಡೀತಾರ ಅಂದಾಂವ ನೀ. ಲಿಫ್ಟ್ ಹಚ್ಚಿದಾಂವ ನೀ. ಹೋಗು, ಒಮ್ಮೆರ ಇಳದ ನೋಡು.’

ಶರಣ ಇಳಿದ. ಗುಂಡಿಯೊಳಗೆ ನೆಟ್ಟಗೆ ನಿಲ್ಲುವಷ್ಟು ಎತ್ತರವಿರಲಿಲ್ಲ. ಸೆಕೆ ಮುಖಕ್ಕೆ ಹೊಡೆಯಿತು. ಶೆಟ್ಟೆಪ್ಪ ಎಂಜಿನ್ನಿನ ಪಕ್ಕ ಒಂದು ಸ್ಟೂಲಿನ ಮೇಲೆ, ಒಂದು ಕೈ ಗೇರಿನ ಮೇಲೆ, ಇನ್ನೊಂದು ಕೈ ಬಿಸಿ ನಳಿಕೆಯ ಹತ್ತಿರ ಹಿಡಿದು ಕೂತಿದ್ದ.

‘ಇಲ್ಲೇ?’ ಶರಣ ಕೂಗಿದ. ಅವನ ಮೈದಾನದ ಗಂಟಲು ತಕ್ಕ ಜಾಗಕ್ಕೆ ಬಂದಿತ್ತು.

‘ಇಲ್ಲೇ.’

‘ಇಪ್ಪತ್ತಾರು ವರ್ಷ?’

‘ಹೂಂ. ಹೇಳಬೇಕಾಗಿತ್ತು ತಮ್ಮಾ. ಹೇಳಾಕ ನಾಲಿಗಿ ಏಳಲಿಲ್ಲ.’

ಅಷ್ಟರಲ್ಲಿ ಮೇಲೆ ಗಂಟೆ ಎರಡು ಸಲ ಬಡಿಯಿತು. ಶೆಟ್ಟೆಪ್ಪ ಗೇರು ಎಳೆದ. ಶರಣನ ಕಾಲಡಿಯಲ್ಲಿ ಇಡೀ ಲಾಂಚು ಉಸಿರು ಬಿಟ್ಟು ಸಡಿಲವಾಯಿತು. ಗಂಟೆ ಮೂರು ಸಲ ಬಡಿಯಿತು. ಶೆಟ್ಟೆಪ್ಪ ಗೇರು ನೂಕಿದ. ಅಷ್ಟು ದೊಡ್ಡ ವಸ್ತು, ನೂರು ಮಂದಿಯನ್ನು ಹೊರುವಂಥದ್ದು, ಆ ಬಡಕಲು ಕೈಯ ಮಾತು ಕೇಳಿ ಹಿಂದೆ ಸರಿಯಿತು. ಶರಣ ಬಾಯಿ ಬಿಟ್ಟುಕೊಂಡು ಆ ಕೈಯನ್ನೇ ನೋಡಿದ. ನಿಧಾನಕ್ಕೆ ಅವನ ಮುಖ ಅರಳತೊಡಗಿತು. ಶೆಟ್ಟೆಪ್ಪ ಆಗಲೇ ಎಚ್ಚೆತ್ತುಕೊಳ್ಳಬೇಕಿತ್ತು.

ಲಾಂಚು ಧಕ್ಕೆ ಮುಟ್ಟಿತು. ಶರಣ ಮೇಲೆ ಬಂದವನೇ, ಮೈತುಂಬ ಮಸಿ ಮಾಡಿಕೊಂಡು, ಊರಿಗೆ ಫೋನು ಹಚ್ಚಿದ. ಐದು ಹೆಜ್ಜೆ ಆಚೆ ಮೋನಪ್ಪ ಸರ್ಟಿಫಿಕೇಟನ್ನು ಜೋಪಾನವಾಗಿ ಪ್ಲಾಸ್ಟಿಕ್ ಚೀಲಕ್ಕೆ ಸೇರಿಸುತ್ತಿದ್ದ.

‘ಹಲೋ! ಎಲ್ಲಾ ಮುಗೀತು, ಸಾಹೇಬ ಬರದ ಕೊಟ್ಟಾನ! ಏ, ನಾವು ತಿಳಕೊಂಡಿದ್ದ ತಪ್ಪಾಗಿತ್ತಪಾ. ಮ್ಯಾಲೆ ನಿಂತು ಚಕ್ರ ತಿರುವೂದು ಏನ ದೊಡ್ಡದಲ್ಲ. ಹಡಗ ಹೊಡ್ಯಾಂವ ಕೆಳಗ ಇರ್ತಾನ, ನಮ್ಮ ಮಾಮಾ! ಮ್ಯಾಲೆ ಒಬ್ಬ ಮುದುಕನ್ನ ಬರೇ ಗಂಟಿ ಬಾರಸಾಕಂತ ಇಟ್ಟಾರ!’

ಮೋನಪ್ಪ ತಲೆಯೆತ್ತಿದ. ಪ್ಲಾಸ್ಟಿಕ್ ಚೀಲ ಕಿಸೆಗೆ ಹಾಕಿಕೊಂಡು ಶೆಟ್ಟೆಪ್ಪನ ಬಳಿ ಬಂದ.

‘ಶೆಟ್ಟೆಪ್ಪ, ನಿನ್ನ ಹೆಂಡತಿಯ ತಮ್ಮನ ರೈಲು ಯಾವಾಗ?’

‘ನಾಳೆ ಸಂಜಿ ಅಂದಾನ್ರಿ ಸಾರಂಗ್ರ.’

‘ಇವತ್ತು ಉಂಟಾ ನೋಡು ಮಾರಾಯ.’

ಅಷ್ಟರಲ್ಲಿ ರುದ್ರವ್ವ ಕೈಯಲ್ಲಿದ್ದ ಚೀಲವನ್ನು ಹಲಗೆಯ ಮೇಲೆ ಇಳಿಸಿ ಬಾಯಿ ಬಿಚ್ಚಿ ತೋರಿಸಿದಳು.

‘ಇವತ್ತ ಸಂಜಿಗೇ ಐತ್ರಿ ಅಣ್ಣಾರ. ಸ್ನೇಹಲ್ ಮೊಬೈಲ್‌ನ್ಯಾಗ ಮುಂಜಾನೇನ ಟಿಕೇಟ ತಗದಾಳ. ಒಂಬತ್ತೂ ಮಂದಿಗೆ ಬುತ್ತಿ ಕಟಗೊಂಡ ಬಂದೀನಿ.’